ಹಂಚಿನ ಮನೆಯಲ್ಲಿ ಮಾತು ಬಾವಿಯೊಳಗಿಂದ ಬಂದಂತೆ ಕೇಳುತ್ತಿದೆ

ಪ್ರಶ್ನೆ: ಬದಿಯಡ್ಕ ಕಡೆಯ ಆರು ಮಂದಿ ಗೆಳೆಯರು ಸೇರಿ 20 ನಿಮಿಷದ ಕಿರುಚಿತ್ರ ಮಾಡುತ್ತಿದ್ದೇವೆ. ಕತೆ ನಡೆಯುವುದು ಹಳೆಯ ಹಂಚಿನ ಮನೆಯೊಂದರ ಜಗಲಿ ಮತ್ತು ಒಳಕೋಣೆಯಲ್ಲಿ. ಕ್ಯಾಮೆರಾದ ಮೇಲೆ ಉದ್ದ ಕೊಳವೆಯಂಥ ಶಾಟ್‌ಗನ್ ಮೈಕ್ ಕೂರಿಸಿ ಒಂದು ದೃಶ್ಯ ತೆಗೆದು ನೋಡಿದೆವು. ಚಿತ್ರ ಚೆನ್ನಾಗಿದೆ, ಮಾತು ಮಾತ್ರ ಬಾವಿಯೊಳಗಿಂದ ಬಂದಂತಿದೆ. ಅದರ ಮೇಲೆ ತೋಟದ ಸ್ಪ್ರಿಂಕ್ಲರಿನ ಸದ್ದು ಬೇರೆ. ಉಳಿದಿರುವ 15,000 ರೂಪಾಯಿಗೆ ಇನ್ನೂ ಒಳ್ಳೆಯ ಮೈಕ್ ಕೊಳ್ಳುವುದೇ, ಮಂಗಳೂರಿಗೆ ಹೋಗಿ ಡಬ್ಬಿಂಗ್ ಮಾಡಿಸುವುದೇ?

ಉತ್ತರ: ಎರಡೂ ಬೇಡ. ಮೊದಲು ಆ ಮೈಕನ್ನು ಕ್ಯಾಮೆರಾದಿಂದ ಕೆಳಗಿಳಿಸಿ.

ಶಾಟ್‌ಗನ್ ಮೈಕ್ ದೂರದ ಮಾತನ್ನು ಹತ್ತಿರಕ್ಕೆ ಎಳೆದು ತರುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಅದು ಹಾಗೇನೂ ಮಾಡುವುದಿಲ್ಲ, ಪಕ್ಕದ ಸದ್ದನ್ನು ಸ್ವಲ್ಪ ತಗ್ಗಿಸುತ್ತದೆ ಅಷ್ಟೆ. ಬಾಯಿಂದ ನೇರವಾಗಿ ಬರುವ ಸದ್ದು ದೂರ ಇಮ್ಮಡಿಯಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಗೋಡೆ, ನೆಲಗಳಿಗೆ ಬಡಿದು ಮರಳುವ ಸದ್ದು ಮಾತ್ರ ಕೋಣೆಯ ತುಂಬ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ನೀವು ಕೇಳಿದ ‘ಬಾವಿ’ ಅದೇ. ಮೈಕನ್ನು ಎರಡು ಮೀಟರಿನಿಂದ ಅರ್ಧ ಮೀಟರಿಗೆ ತಂದರೆ ಮಾತಿಗೆ 12 ಡೆಸಿಬೆಲ್ ಮೇಲುಗೈ ಸಿಗುತ್ತದೆ. ಎಷ್ಟು ದುಬಾರಿ ಮೈಕ್ ತಂದು ಕ್ಯಾಮೆರಾದ ತಲೆಯ ಮೇಲೆ ಕೂರಿಸಿದರೂ ಇದು ಸಿಗುವುದಿಲ್ಲ.

ಹತ್ತಿರ ತರುವುದಕ್ಕೆ ಕೋಲು ಬೇಕು. ನಿಮ್ಮ ಊರಿನಲ್ಲಿ ಅದಕ್ಕೆ ಬರವಿಲ್ಲ: ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಯ ತುದಿಯ ಎರಡು ತುಂಡುಗಳು ಸಾಕು, ಹಗುರವಾಗಿಯೂ ಇರುತ್ತವೆ. ಮೈಕನ್ನು ನೇರವಾಗಿ ಕೋಲಿಗೆ ಬಿಗಿಯಬೇಡಿ, ಕೈ ಜಾರಿದ ಸದ್ದೆಲ್ಲ ಒಳಗೆ ಹೋಗುತ್ತದೆ. ಕೋಲಿನ ಅದುರು ಮೈಕಿಗೆ ತಾಗದಂತೆ ತಡೆಯುವ ರಬ್ಬರಿನ ಹಿಡಿಕೆ, ಅಂದರೆ ಶಾಕ್‌ಮೌಂಟ್, ಒಂದನ್ನು ಕೊಳ್ಳಿ. ಮೈಕನ್ನು ಚಿತ್ರದ ಚೌಕಟ್ಟಿನ ಮೇಲಂಚಿಗೆ ತಾಗುವಷ್ಟು ಕೆಳಗೆ, ನಟರ ತಲೆಯ ತುಸು ಮುಂದೆ ಹಿಡಿದು ಎದೆಯ ಕಡೆಗೆ ಮುಖಮಾಡಿಸಿ. ಹಿಡಿಯುವವರು ಸಂಭಾಷಣೆಯನ್ನು ಬಾಯಿಪಾಠ ಮಾಡಿರಬೇಕು. ಇಲ್ಲವಾದರೆ ಕೋಲು ಪ್ರತಿ ಸಲವೂ ಮಾತಿನ ಹಿಂದೆ ಓಡುತ್ತಿರುತ್ತದೆ.

ಮಿಕ್ಕ ಹಣದಲ್ಲಿ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಕೊಳ್ಳಿ, ಒಬ್ಬರು ಅದನ್ನು ಕಿವಿಯಿಂದ ತೆಗೆಯಲೇಬಾರದು. ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ಒಮ್ಮೆ ಇಂಥದೇ ಮನೆಯಲ್ಲಿ ಇಡೀ ದಿನ ಚಿತ್ರೀಕರಣ ಮಾಡಿದೆವು. ಗೋಡೆಯ ಗಡಿಯಾರದ ಟಿಕ್ ಟಿಕ್ ಅಲ್ಲಿ ಯಾರ ಗಮನಕ್ಕೂ ಬರಲಿಲ್ಲ. ಸಂಕಲನಕ್ಕೆ ಕುಳಿತಾಗ ಪ್ರತಿ ಕಟ್‌ನಲ್ಲೂ ಅದು ತಾಳ ತಪ್ಪುತ್ತಿತ್ತು: ಟಿಕ್, ಟಿಕ್‌ಟಿಕ್, ಒಂದು ಮೌನ, ಮತ್ತೆ ಟಿಕ್. ಅಜ್ಜನ ಸಾವಿನ ದೃಶ್ಯ ನೋಡಿ ಸಂಕಲನಕಾರ ನಕ್ಕುಬಿಟ್ಟ. ಈಗ ಮನೆಯೊಳಗೆ ಕಾಲಿಟ್ಟೊಡನೆ ಗಡಿಯಾರ ಇಳಿಸಿ ಫ್ರಿಡ್ಜ್ ನಿಲ್ಲಿಸುತ್ತೇನೆ. ಕಾರಿನ ಕೀಲಿಯನ್ನು ಫ್ರಿಡ್ಜಿನೊಳಗೇ ಇಡುತ್ತೇನೆ. ಅದನ್ನು ಮತ್ತೆ ಚಾಲೂ ಮಾಡದೆ ಮನೆಗೆ ಹೊರಡುವ ಹಾಗಿಲ್ಲ!

ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಸದ್ದು ಬಾಲ ಬೆಳೆಸಿಕೊಂಡು ಹೋದರೆ ಚೌಕಟ್ಟಿಗೆ ಬೀಳದ ನೆಲದ ಮೇಲೆಲ್ಲ ಚಾಪೆ, ಕಂಬಳಿ ಹಾಸಿ, ನಟರೆದುರಿನ ಗೋಡೆಗೆ ಹಾಸಿಗೆ ಒರಗಿಸಿ. ಖಾಲಿ ಗೋಣಿಚೀಲಗಳ ದಪ್ಪ ಒಟ್ಟಲು ಕೂಡ ಆಗುತ್ತದೆ.

ಸ್ಪ್ರಿಂಕ್ಲರಿನ ವಿಷಯದಲ್ಲಿ ಯಂತ್ರಕ್ಕಿಂತ ನೆರೆಹೊರೆ ಮುಖ್ಯ. ತೋಟದವರ ಬಳಿ ಮೊದಲೇ ಹೋಗಿ ನೀರು ಬಿಡುವ ಹೊತ್ತು ಕೇಳಿಕೊಳ್ಳಿ, ಮಾತಿನ ದೃಶ್ಯಗಳನ್ನು ಅದರಾಚೆಗೆ ಇಟ್ಟುಕೊಳ್ಳಿ. ಮಳೆಗಾಲಕ್ಕೆ ಮುಂದೂಡುವ ಯೋಚನೆ ಮಾತ್ರ ಬೇಡ, ಹಂಚಿನ ಮೇಲೆ ಬೀಳುವ ಮಳೆಯ ಸದ್ದನ್ನು ಮಾತಿಗೆ ಪೆಟ್ಟಾಗದಂತೆ ಕಳೆಯುವುದು ಸಾಫ್ಟ್‌ವೇರಿಗೂ ಕಷ್ಟ.

ಜಗಲಿಯ ದೂರದ ಶಾಟ್‌ಗಳಲ್ಲಿ ಕೋಲು ಹಿಡಿಯಲು ಜಾಗವಿರುವುದಿಲ್ಲ. ಅಲ್ಲಿ ತಂತಿಯಿರುವ ಸಣ್ಣ ಕಾಲರ್ ಮೈಕನ್ನು ಹಳೆಯ ಮೊಬೈಲಿಗೆ ಸಿಕ್ಕಿಸಿ, ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ ನಟರ ಸೊಂಟಕ್ಕೆ ಕಟ್ಟಿ. ಹೆಗಲ ಮೇಲೆ ಬೈರಾಸು (ಟವೆಲ್) ಇದ್ದರೆ ಮೈಕ್ ಅಡಗಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಕರಿಮಣಿಗೆ ತಾಗದಂತೆ ನೋಡಿಕೊಳ್ಳಿ. ಆರಂಭದಲ್ಲಿ ಒಂದು ಕ್ಲ್ಯಾಪ್ ಹೊಡೆದರೆ ಚಿತ್ರಕ್ಕೆ ಹೊಂದಿಸುವುದು ಸುಲಭ. ಧ್ವನಿಮುದ್ರಣ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿರಲಿ. ಸದ್ದಿನ ಮಟ್ಟ ತೋರಿಸುವ ಪಟ್ಟಿಯಲ್ಲಿ ಗಟ್ಟಿ ಮಾತು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲಲಿ. ಸದ್ದಿನ ಮಟ್ಟವನ್ನು ತಾನಾಗಿಯೇ ಏರಿಳಿಸುವ ಆಟೋ ಗೇನ್ ಇದ್ದರೆ ಆರಿಸಿಬಿಡಿ, ಮಾತು ನಿಂತಾಗಲೆಲ್ಲ ಅದು ಜೀರುಂಡೆಯನ್ನು ಎತ್ತಿ ತೋರಿಸುತ್ತದೆ.

ಇನ್ನು ಡಬ್ಬಿಂಗ್. ನಿಮ್ಮ ಪಾತ್ರಗಳು ಕನ್ನಡದಲ್ಲಿ ಶುರುವಾದ ಮಾತನ್ನು ತುಳುವಿನಲ್ಲಿ ತಿರುಗಿಸಿ ಮಲಯಾಳದಲ್ಲಿ ಮುಗಿಸುವವರಾಗಿರಬೇಕು. ಆ ಏರಿಳಿತ ಬೇರೆಯವರ ಗಂಟಲಿನಲ್ಲಿ ಹುಟ್ಟುವುದಿಲ್ಲ. ನಿಮ್ಮವರನ್ನೇ ಸ್ಟುಡಿಯೋದ ಗಾಜಿನೆದುರು ನಿಲ್ಲಿಸಿದರೂ, ಅಭ್ಯಾಸವಿಲ್ಲದವರು ತುಟಿಗೆ ಮಾತು ಹೊಂದಿಸುವುದರಲ್ಲೇ ಸೋತುಹೋಗುತ್ತಾರೆ. ಅದಕ್ಕೆ ಬದಲು ಪ್ರತಿ ದೃಶ್ಯ ಮುಗಿದ ಕೂಡಲೇ, ಬಟ್ಟೆ ಬದಲಿಸುವ ಮೊದಲು, ಕ್ಯಾಮೆರಾ ನಿಲ್ಲಿಸಿ ಮೈಕನ್ನು ಒಂದು ಗೇಣಿನಷ್ಟು ಹತ್ತಿರ ಹಿಡಿದು ಅದೇ ಮಾತನ್ನು ಎರಡು ಸಲ ಹೇಳಿಸಿಕೊಳ್ಳಿ. ಆಮೇಲೆ ಎಲ್ಲರೂ ಇದ್ದಲ್ಲೇ ನಿಂತು ಒಂದು ನಿಮಿಷ ಖಾಲಿ ಕೋಣೆಯ ಸದ್ದನ್ನು ಹಿಡಿಯಿರಿ, ಕಟ್‌ಗಳ ನಡುವಿನ ತೂತು ಮುಚ್ಚಲು ಅದು ಬೇಕೇ ಬೇಕು. ಆ ಒಂದು ನಿಮಿಷದಲ್ಲಿ ಯಾರಾದರೂ ಕೆಮ್ಮಿಯೇ ಕೆಮ್ಮುತ್ತಾರೆ. ಆಗ ಮೊದಲಿನಿಂದ ಶುರುಮಾಡಿ.