ಫೋರ್ಸ್, ಮೊಮೆಂಟ್ ಎರಡೂ ಗೊತ್ತಿದ್ರೂ ಪೊಸಿಷನ್ ವೆಕ್ಟರ್ ಯಾಕ ಸಿಗವಲ್ದು?

ಯಾದಗಿರಿಯಿಂದ ಕೇಳೀರಿ, ಫೋರ್ಸ್ ಎಫ್ = (2, 1, 2) ನ್ಯೂಟನ್, ಒರಿಜಿನ್ ಸುತ್ತ ಅದರ ಮೊಮೆಂಟ್ (ಅಂದ್ರ ತಿರುವೋ ಪರಿಣಾಮ) ಎಂ = (6, −6, −3) ನ್ಯೂಟನ್ ಮೀಟರ್, ಫೋರ್ಸ್ ಬಿದ್ದ ಪಾಯಿಂಟಿನ ಪೊಸಿಷನ್ ವೆಕ್ಟರ್ (ಒರಿಜಿನ್‌ನಿಂದ ಆ ಪಾಯಿಂಟಿನ ತನ ಇರೋ ವೆಕ್ಟರ್) ಆರ್ ಬೇಕು, ಮ್ಯಾಟ್ರಿಕ್ಸ್ ಬರದು ಇನ್ವರ್ಸ್ ಹುಡುಕಿದ್ರ ಕ್ಯಾಲ್ಕುಲೇಟರ್ ಎರರ್ ಕೊಡ್ತದ ಅಂತ. ನಾನು ಇಲ್ಲಿ ಕಲಬುರಗಿಯಾಗ ಮೆಕ್ಯಾನಿಕ್ಸ್ ಕಲಿಸ್ತೀನ್ರಿ, ಈ ಪ್ರಶ್ನಿ ನಂಗ ಭಾಳ ಇಷ್ಟ. ಕ್ಯಾಲ್ಕುಲೇಟರ್ ಬರೋಬ್ಬರಿ ಹೇಳ್ಲಕತ್ತದ, ಆ ಮ್ಯಾಟ್ರಿಕ್ಸಿಗೆ ಇನ್ವರ್ಸೇ ಇಲ್ಲ.

ಆರ್ = (ಎಕ್ಸ್, ವೈ, ಝಡ್) ಇಟ್ಕೊಂಡು ಎಂ = ಆರ್ × ಎಫ್ ಅನ್ನೋ ಕ್ರಾಸ್ ಪ್ರಾಡಕ್ಟ್ ಬಿಡಿಸಿ ಬರೀರಿ, ಮೂರು ಈಕ್ವೇಶನ್ ಬರ್ತಾವ: 2ವೈ − ಝಡ್ = 6, 2ಝಡ್ − 2ಎಕ್ಸ್ = −6, ಎಕ್ಸ್ − 2ವೈ = −3. ಮೂರು ಅನ್‌ನೋನ್, ಮೂರು ಈಕ್ವೇಶನ್, ಉತ್ತರ ಬರಬೇಕಲ್ಲ ಅಂತ ಯಾರಿಗರೆ ಅನಸ್ತದ. ಆದ್ರ ಮೊದಲನೇದನ್ನ 2ರಿಂದ, ಎರಡನೇದನ್ನ 1ರಿಂದ, ಮೂರನೇದನ್ನ 2ರಿಂದ ಗುಣಿಸಿ ಕೂಡಿಸಿ ನೋಡ್ರಿ, ಎಡಕ್ಕ ಎಲ್ಲಾ ಹೊಡದು ಹೋಗಿ ಸೊನ್ನಿ ಉಳೀತದ, ಬಲಕ್ಕೂ 12 − 6 − 6 ಅಂದ್ರ ಸೊನ್ನಿನೇ. ಅಂದ್ರ ಖರೆ ಈಕ್ವೇಶನ್ ಎರಡೇ, ಮೂರನೇದು ಅವೆರಡರಾಗೇ ಅಡಗ್ಯದ. ಗುಣಿಸಿದ 2, 1, 2 ಎಲ್ಲಿಂದ ಬಂದ್ವು ಗಮನಿಸ್ರಿ, ಅದು ಎಫ್‌ನ ಕಾಂಪೊನೆಂಟೇ, ಹಂಗಾಗಿ ಯಾವ ಫೋರ್ಸ್ ತಗೊಂಡ್ರೂ ಇದೇ ಆಗ್ತದ.

ಕಾರಣ ಫಿಸಿಕ್ಸಿನಾಗ ಅದ. ಮಳಿಗಾಲದಾಗ ಎರಿ ಹೊಲದಾಗ ಬಂಡಿ ಹುಗೀತು ಅಂದ್ರ ಹಗ್ಗ ಕಟ್ಟಿ ಜಗ್ಗತಾರಲ್ಲ, ಹಗ್ಗ ಹತ್ರ ಹಿಡೀರಿ, ದೂರ ಹಿಡೀರಿ, ಜಗ್ಗೋ ದಿಕ್ಕು ಮತ್ತ ಜೋರು ಅಷ್ಟೇ ಇದ್ರ ಬಂಡಿಗಿ ಏನೂ ಫರಕ್ ಬೀಳಂಗಿಲ್ಲ. ಫೋರ್ಸನ್ನ ಅದರ ಲೈನ್ (ಅದು ಜಗ್ಗೋ ದಿಕ್ಕಿನ ಗೆರಿ) ಮ್ಯಾಲ ಎಲ್ಲಿಗಿ ಸರಿಸಿದ್ರೂ ಮೊಮೆಂಟ್ ಬದಲಾಗಂಗಿಲ್ಲ, ಅದಕ್ಕ ಮೊಮೆಂಟ್ ನೋಡಿ ಆ ಲೈನ್ ಯಾವುದು ಅಂತ ಹೇಳಬಹುದು, ಲೈನ್ ಮ್ಯಾಲಿನ ಪಾಯಿಂಟ್ ಯಾವುದು ಅಂತ ಹೇಳ್ಲಾಕ ಆಗಂಗಿಲ್ಲ.

ಆ ಲೈನ್ ಹಿಡಿಯೋದು ಸರಳ ಅದ. ಎಫ್ × ಎಂ ಮಾಡಿ ಎಫ್‌ನ ಮ್ಯಾಗ್ನಿಟ್ಯೂಡ್ ಸ್ಕ್ವೇರಿನಿಂದ ಭಾಗಿಸ್ರಿ. ಇಲ್ಲಿ ಎಫ್ × ಎಂ = (9, 18, −18), ಎಫ್ ಸ್ಕ್ವೇರ್ 4 + 1 + 4 = 9, ಸಿಕ್ಕಿದ್ದು (1, 2, −2). ಇದು ಒರಿಜಿನ್‌ಗೆ ಎಲ್ಲಕ್ಕಿಂತ ಹತ್ರದ ಪಾಯಿಂಟ್, ದೂರ 3 ಮೀಟರ್, ಮೊಮೆಂಟಿನ ಮ್ಯಾಗ್ನಿಟ್ಯೂಡ್ 9 ಭಾಗಿಸು ಫೋರ್ಸಿಂದು 3 ಅಂದ್ರೂ ಅದೇ ಬರ್ತದ. ಪೂರ್ತಿ ಉತ್ತರ ಆರ್ = (1 + 2ಟಿ, 2 + ಟಿ, −2 + 2ಟಿ), ಟಿ ಯಾವ ಸಂಖ್ಯಾ ಆದ್ರೂ ನಡೀತದ.

ಒಂದೇ ಪಾಯಿಂಟ್ ಬೇಕಂದ್ರ ಇನ್ನೊಂದು ಮಾಹಿತಿ ಬೇಕೇ ಬೇಕು. ಫೋರ್ಸ್ ನೆಲದ ಮ್ಯಾಲ ಬಿದ್ದದ ಅಂದ್ರ ಝಡ್ = 0, ಆಗ ಟಿ = 1, ಪಾಯಿಂಟ್ (3, 3, 0). ನಡಿಗಿ ಪರೀಕ್ಷಾ ಮಾಡೋ ಲ್ಯಾಬಿನಾಗ ಫೋರ್ಸ್ ಪ್ಲೇಟ್ ಇರ್ತಾವಲ್ಲ, ಕಾಲಿನ ಒತ್ತಡ ಎಲ್ಲಿ ಬಿತ್ತು ಅಂತ ಅವು ಹಿಂಗೇ ತಗೀತಾವ, ಪ್ಲೇಟಿನ ಮೇಲ್ಮೈ ಗೊತ್ತಿರ್ತದ ಅಂತೇ ಅದು ಸಾಧ್ಯ ಆಗ್ತದ.

ಇಲ್ಲಾ, ಅದೇ ಪಾಯಿಂಟಿಗಿ ಬ್ಯಾರೆ ದಿಕ್ಕಿನ ಎರಡನೇ ಫೋರ್ಸ್ ಇದ್ದು ಅದರ ಮೊಮೆಂಟ್ ಬ್ಯಾರೆನೇ ಕೊಟ್ಟಿದ್ರೂ ಆಗ್ತದ. ಫೋರ್ಸ್ (0, 0, 3), ಮೊಮೆಂಟ್ (9, −9, 0) ಅಂತ ಇಟ್ಕೋರಿ, 3ವೈ = 9, −3ಎಕ್ಸ್ = −9, ಎಕ್ಸ್ ವೈ ಎರಡೂ 3 ಬಂದ್ವು, ಹಳೇ ಈಕ್ವೇಶನ್‌ನಾಗ ಹಾಕಿದ್ರ ಝಡ್ ಸೊನ್ನಿ, ಎರಡು ಲೈನ್ ಕೂಡೋ ಜಾಗ ಅದೇ. ಆದ್ರ ಇಲ್ಲಿ ಭಾಳ ಮಂದಿ ಎಡವ್ತಾರ: ಎರಡು ಫೋರ್ಸ್ ಕೊಟ್ಟು ಮೊಮೆಂಟ್ ಮಾತ್ರ ಒಟ್ಟಿಂದು ಕೊಟ್ಟಿದ್ರ ಏನೂ ಲಾಭ ಇಲ್ರಿ, ಹತ್ತು ಫೋರ್ಸ್ ಇದ್ರೂ ಅಷ್ಟೇ, ಒಂದೇ ಪಾಯಿಂಟಿನ ಫೋರ್ಸ್ ಎಲ್ಲಾ ಕೂಡಿ ಒಂದು ರಿಸಲ್ಟಂಟ್ ಆಗ್ತದ, ಅವುಗಳ ಮೊಮೆಂಟ್ ಎಲ್ಲಾ ಕೂಡಿದ್ರ ಆ ರಿಸಲ್ಟಂಟಿನ ಮೊಮೆಂಟೇ ಬರ್ತದ, ಅದೇ ವರಿನ್ಯೋನ್ ಥಿಯರಂ, ಮತ್ತ ನಿಮ್ಮ ಕೈಗಿ ಒಂದು ಲೈನೇ ಸಿಗ್ತದ.

ಇದಕ್ಕೆಲ್ಲಾ ಮೊದಲ ಎಫ್ ಮತ್ತ ಎಂ ಡಾಟ್ ಪ್ರಾಡಕ್ಟ್ ಸೊನ್ನಿ ಅದನೋ ಇಲ್ಲೋ ನೋಡ್ರಿ. ಆರ್ × ಎಫ್ ಯಾವಾಗ್ಲೂ ಎಫ್‌ಗೆ 90 ಡಿಗ್ರಿ ಇರ್ತದ, ಹಂಗಾಗಿ ಸೊನ್ನಿ ಬರ್ಲಿಲ್ಲಂದ್ರ ಆರ್ ಇಲ್ಲವೇ ಇಲ್ಲ, ಒಂದೋ ಅಂಕಿ ತಪ್ಪ್ಯಾವ, ಇಲ್ಲಾ ಫೋರ್ಸ್ ಸಂಗಟ ತಿರುವೋ ಕಪಲ್ (ಸಮ ಜೋರಿನ, ಎದುರು ದಿಕ್ಕಿನ ಫೋರ್ಸ್ ಜೋಡಿ) ಒಂದು ಸೇರ್ಯದ. ಕಪಲ್ ಇದ್ರ ಎಂನಾಗ ಎಫ್‌ಗೆ ಸಮಾಂತರ ಇರೋ ಭಾಗ ಕಳದು ಉಳಿದದ್ದಕ್ಕ ಮ್ಯಾಲಿನ ಲೆಕ್ಕ ಮಾಡ್ರಿ, ಬರೋ ಲೈನಿಗಿ ಸ್ಕ್ರೂ ಆಕ್ಸಿಸ್ ಅಂತಾರ. ಪರೀಕ್ಷಾದಾಗಂತೂ ಈ ಚೆಕ್ ಎರಡು ಸಾಲಿನಾಗ ಮುಗೀತದ, ಬಿಡಬ್ಯಾಡ್ರಿ.

ಈಗ ನಿಮ್ಮ ಪ್ರಶ್ನಿ ಇನ್ನೊಮ್ಮಿ ಓದ್ರಿ, “ಪಾಯಿಂಟ್ ಇಂಥ ಪ್ಲೇನಿನಾಗ ಅದ”, “ಎಕ್ಸ್ ಬೆಲೆ ಇಷ್ಟು”, “ಒರಿಜಿನ್‌ನಿಂದ ಇಷ್ಟು ದೂರ” ಅಂತ ಎಲ್ಲೋ ಒಂದು ಮಾತು ಇರಬೇಕು. 3 ಮೀಟರಿಗಿಂತ ಹೆಚ್ಚಿನ ದೂರ ಕೊಟ್ಟಿದ್ರ ಟಿಗಿ ಎರಡು ಬೆಲೆ ಬರ್ತಾವ, ಎರಡೂ ಬರೀರಿ. ಏನೂ ಕೊಟ್ಟಿಲ್ಲಂದ್ರ ಟಿ ಇಟ್ಟು ಲೈನಿನ ಈಕ್ವೇಶನ್ ಬರೀರಿ, ಅದೇ ಪೂರ್ತಿ ಉತ್ತರ.