ಆರು ಇಲಿ, 120 ಕೋಶ: ಎನ್ ಎಷ್ಟು?

ಪ್ರಶ್ನೆ: ಆರು ಇಲಿಗಳ ಮಿದುಳಿನಲ್ಲಿ ತಲಾ 20 ನರಕೋಶ ಅಳೆದಿದ್ದೇನೆ. ಮೂರಕ್ಕೆ ಔಷಧ, ಮೂರಕ್ಕೆ ಬರೀ ಸಲೈನ್. ನರವಿಜ್ಞಾನ ಸಮ್ಮೇಳನದ ಪೋಸ್ಟರಿನಲ್ಲಿ ‘ಎನ್ (ಮಾದರಿಗಳ ಸಂಖ್ಯೆ) = 120’ ಎಂದು ಹಾಕಿದ್ದಕ್ಕೆ ಬಂದವರೆಲ್ಲ ತಗಾದೆ ತೆಗೆದರು. ನನ್ನ ತಪ್ಪೇನು?
– ಸಂಶೋಧನಾ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಇದೇ ಪ್ರಶ್ನೆ ಈ ವರ್ಷ ನಾಲ್ಕನೇ ಸಲ ಬಂದಿದೆ. ತಗಾದೆ ತೆಗೆದವರೇ ಸರಿ, ತಾಯಿ. ನಮ್ಮೂರಿನ ಆರು ಹೋಟೆಲಲ್ಲಿ ತಲಾ ಇಪ್ಪತ್ತು ಬೆಣ್ಣೆದೋಸೆ ತಿಂದರೆ ದೋಸೆ 120 ಆಗುತ್ತವೆ, ಹೋಟೆಲು ಆರೇ. ಒಂದು ಕಡೆ ಹಿಟ್ಟು ಹುಳಿ ಬಂದಿದ್ದರೆ ಅಲ್ಲಿನ ಇಪ್ಪತ್ತೂ ಹುಳಿ. ಔಷಧ ಕೊಟ್ಟಿದ್ದು ಇಲಿಗೆ, ಕೋಶಕ್ಕಲ್ಲ. ಹಾಗಾಗಿ ಗುಂಪಿಗೆ ಎನ್ ಮೂರು. ಸ್ಟ್ಯಾಂಡರ್ಡ್ ಎರರ್ (ಸರಾಸರಿ ಎಷ್ಟು ಆಚೀಚೆ ಆಗಬಹುದೆಂಬ ಅಂದಾಜು) ತೆಗೆಯುವಾಗ ಭಾಗಿಸುವುದು ಎನ್‌ನ ವರ್ಗಮೂಲದಿಂದ. ಇಪ್ಪತ್ತು ಪಟ್ಟು ಉಬ್ಬಿಸಿದ ಎನ್ ಇಟ್ಟರೆ ಅದನ್ನು ಗ್ರಾಫಿನಲ್ಲಿ ತೋರಿಸುವ ಎರರ್ ಬಾರ್ ಸುಮಾರು ನಾಲ್ಕೂವರೆ ಪಟ್ಟು ಕುಗ್ಗಿ, ಇಲ್ಲದ ವ್ಯತ್ಯಾಸವೂ ಇದ್ದಂತೆ ಕಾಣುತ್ತದೆ.

ಇಲಿಗೊಂದು ಸರಾಸರಿ ತೆಗೆದು ಹೋಲಿಸಿ. ಕೋಶಗಳನ್ನೂ ಲೆಕ್ಕಕ್ಕೆ ತರಲೇಬೇಕೆಂದರೆ ಒಂದೇ ಇಲಿಯ ಕೋಶಗಳು ಒಂದನ್ನೊಂದು ಹೋಲುವುದನ್ನೂ ಲೆಕ್ಕಕ್ಕೆ ಹಿಡಿಯುವ ಮಿಕ್ಸ್ಡ್ ಮಾಡೆಲ್ ಮಾಡಿ, ಇಲಿಯನ್ನು ರ್‍ಯಾಂಡಮ್ ಎಫೆಕ್ಟ್ (ಇಲಿಯಿಂದ ಇಲಿಗೆ ಬರುವ ಏರುಪೇರು) ಆಗಿ ಇಡಿ. ಗ್ರಾಫಿನಲ್ಲಿ ಒಂದೊಂದು ಇಲಿಯ ಚುಕ್ಕಿಗೆ ಒಂದೊಂದು ಬಣ್ಣ ಕೊಟ್ಟು, ಕೆಳಗೆ ‘6 ಇಲಿ, 120 ಕೋಶ’ ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ವ್ಯತ್ಯಾಸ ಮಾಯವಾಯಿತೇ? ಆಗಲಿ. ಅರ್ಧ ಬೆಂದ ಕೆಲಸವನ್ನು ನಾಲ್ಕು ಜನಕ್ಕೆ ತೋರಿಸಿ ಬೈಸಿಕೊಳ್ಳಲಿಕ್ಕೇ ಪೋಸ್ಟರ್ ಇರುವುದು. ‘ಗೈಡ್ ಸರ್ ಹೀಗೇ ಹಾಕು ಅಂದರು’ ಎಂಬ ಉತ್ತರ ಮಾತ್ರ ಬೇಡ.

2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮಿದುಳು ಚಿತ್ರಣ ಸಮ್ಮೇಳನದಲ್ಲಿ ಕ್ರೇಗ್ ಬೆನೆಟ್ ತಂಡದ ಪೋಸ್ಟರಿಗೆ ಎನ್ ಒಂದೇ, ಅದೂ ಸತ್ತ ಸಾಲ್ಮನ್ ಮೀನು. ಸ್ಕ್ಯಾನರಿನಲ್ಲಿಟ್ಟು ಮನುಷ್ಯರ ಫೋಟೊ ತೋರಿಸಿದರು. ಸಾವಿರಾರು ಹೋಲಿಕೆ ಮಾಡಿದಾಗ ಕೆಲವು ಆಕಸ್ಮಿಕವಾಗಿಯೇ ಹೊಂದಿಬಿಡುತ್ತವೆ; ಅದಕ್ಕೆ ತಿದ್ದುಪಡಿ ಮಾಡದೆ ಲೆಕ್ಕ ಹಾಕಿದರೆ ಸತ್ತ ಮಿದುಳೂ ‘ಯೋಚಿಸಿತು’; ತಿದ್ದಿದರೆ ಏನೂ ಇಲ್ಲ. 2012ರಲ್ಲಿ ಅದಕ್ಕೆ, ಮೊದಲು ನಗಿಸಿ ಆಮೇಲೆ ಯೋಚಿಸಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಸಿಕ್ಕಿತು. ಎನ್ ಒಂದಾದರೂ ಅದನ್ನು ಅವರು ಮುಚ್ಚಿಡಲಿಲ್ಲ, ನೋಡಿ.

ಪ್ರಶ್ನೆ: ಪೋಸ್ಟರಿಗೆ ಫ್ಲೆಕ್ಸೋ, ಬಟ್ಟೆಯೋ?

ಉತ್ತರ: ಬಟ್ಟೆ, ಮಡಚಿ ಬ್ಯಾಗಿಗೆ ಹಾಕಬಹುದು. ಆದರೆ ಅಂಗಡಿಗೆ ಫಾಂಟ್ ಸೇರಿಸಿದ ಪಿಡಿಎಫ್ ಕೊಡಿ. ನಾನು ಪಿಪಿಟಿ ಕೊಟ್ಟು ಕೆಟ್ಟಿದ್ದೇನೆ: ಮೈಕ್ರೊ ಸೂಚಿಸುವ ಮ್ಯೂ ಚಿಹ್ನೆ ‘ಎಂ’ ಆಗಿ, ಹತ್ತು ಮೈಕ್ರೊಮೀಟರಿನ ಅಳತೆಗೆರೆ ಹತ್ತು ಮಿಲಿಮೀಟರ್ ಆಯಿತು. ದ್ರಾಕ್ಷಿಗಾತ್ರದ ನರಕೋಶದ ಪಕ್ಕ ಎರಡು ತಾಸು ನಿಂತೆ.

ಪ್ರಶ್ನೆ: ದುಡ್ಡು ಕಟ್ಟಿದರೆ ‘ಬೆಸ್ಟ್ ಪೋಸ್ಟರ್’ ಪ್ರಶಸ್ತಿ ಖಾತ್ರಿ ಎಂದು ಇಮೇಲ್ ಬಂದಿದೆ.

ಉತ್ತರ: ಅಳಿಸಿ.

ಪ್ರಶ್ನೆ: ಚಿತ್ರದುರ್ಗದಲ್ಲಿ, ಕಣ್ಣು ಕಟ್ಟಿಕೊಂಡೇ ಓದಲು ಕಲಿಸುತ್ತೇವೆನ್ನುವ ಮಿಡ್‌ಬ್ರೈನ್ ಆಕ್ಟಿವೇಷನ್ ತರಗತಿಯವರು ‘ಸಮ್ಮೇಳನದಲ್ಲಿ ಪೋಸ್ಟರ್ ಮಂಡಿಸಿದ್ದೇವೆ’ ಎನ್ನುತ್ತಾರೆ. ಮಗನನ್ನು ಸೇರಿಸಲೇ?

ಉತ್ತರ: ಬೇಡ. ಎಷ್ಟೋ ಕಡೆ ಒಂದು ಪುಟದ ಸಾರಾಂಶ ಕಳಿಸಿದರೆ ಪೋಸ್ಟರಿಗೆ ಜಾಗ ಸಿಗುತ್ತದೆ, ಅದು ಪುರಾವೆಯಲ್ಲ. ಕಣ್ಣಿಗೆ ಪಟ್ಟಿ ಕಟ್ಟಿದ ಮಕ್ಕಳು ಓದುವುದು ಮೂಗಿನ ಪಕ್ಕದ ಸಂದಿಯಿಂದ. ಅಲ್ಲಿಗಿಷ್ಟು ಹತ್ತಿ ತುರುಕಿ, ಆಮೇಲೆ ಓದಿಸಲಿಕ್ಕೆ ಹೇಳಿ.