ಬೆಂಗಳೂರಿನ ಹತ್ತಿರ 3 ಎಕರೆ ಇದೆ. ಜಿಂಕೆ ಫಾರಂ ಮಾಡಿದರೆ ಭವಿಷ್ಯ ಇದೆಯಾ? ಯಾವ ಜಾತಿ ಒಳ್ಳೆಯದು?

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ ಅಂತು. 2015ರಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ. ಮಾಗಡಿ ಕಡೆ ಅಪ್ಪನ ಒಂದೂವರೆ ಎಕರೆ ಇತ್ತು, ಕೈಯಲ್ಲಿ ಸ್ವಲ್ಪ ದುಡ್ಡಿತ್ತು, ತಲೆ ತುಂಬ ನ್ಯೂಜಿಲೆಂಡಿನ ವಿಡಿಯೋಗಳಿದ್ದವು. ಅಲ್ಲಿ ಗಂಡು ಜಿಂಕೆಯ ಎಳೆ ಕೊಂಬನ್ನು ವರ್ಷಕ್ಕೊಮ್ಮೆ ಕತ್ತರಿಸಿ ಕೊರಿಯಾ, ಚೀನಾಕ್ಕೆ ಮಾರುತ್ತಾರೆ. ಮಾಂಸ ಜರ್ಮನಿಗೆ ಹೋಗುತ್ತದೆ.

ನಾನು ಮೊದಲು ಮಾಡಿದ ಕೆಲಸ ಬೇಲಿ. ಏಳು ಅಡಿ ಎತ್ತರದ ಮೆಶ್, ಕಬ್ಬಿಣದ ಕಂಬ, ಬುಡಕ್ಕೆ ಕಾಂಕ್ರೀಟ್. ನಾಲ್ಕು ಲಕ್ಷ ಖರ್ಚಾಯಿತು. ನನ್ನ ತಪ್ಪು ಇದೇ, ಸರಿಯಾಗಿ ಕೇಳಿಸಿಕೊಳ್ಳಿ. ನಾನು ಯಾರನ್ನೂ ಕೇಳದೆ ಹೊರಟವನಲ್ಲ. ವೆಲ್ಡಿಂಗ್‌ನವರನ್ನು ಕೇಳಿದೆ, ಪಶು ವೈದ್ಯರನ್ನು ಕೇಳಿದೆ, ಮೇವು ಬೆಳೆಯುವವರನ್ನು ಕೇಳಿದೆ. ಎಷ್ಟು ಎತ್ತರ, ಎಷ್ಟು ಮೇವು, ಯಾರಿಗೆ ಮಾರೋದು, ಎಲ್ಲ ಕೇಳಿದೆ. ಕಡೆಗೆ, ಕೆಲಸ ಮುಗಿದ ಮೇಲೆ, ಅರಣ್ಯ ಇಲಾಖೆಗೆ ಹೋದೆ. ಅಲ್ಲಿದ್ದ ಅಧಿಕಾರಿ ನನ್ನ ಫೈಲ್ ತಿರುವಿ ಹಾಕಿದರು. ಪೆನ್ನಿನ ಮುಚ್ಚಳ ಹಾಕಿಟ್ಟು ಒಂದೇ ಮಾತು ಕೇಳಿದರು: "ಜಿಂಕೆ ಎಲ್ಲಿಂದ ತರ್ತೀರಿ ಸ್ವಾಮಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾರೋದು ಎಲ್ಲಿ ಅಂತ ಯೋಚಿಸಿದ್ದೆ, ತರೋದು ಎಲ್ಲಿಂದ ಅಂತ ಯೋಚಿಸಿರಲಿಲ್ಲ. ಕುರಿ ಹಾಗೆ ದುಡ್ಡು ಕೊಟ್ಟು ತಂದರೆ ನಮ್ಮದೇ ಅಲ್ವಾ ಅಂದುಕೊಂಡಿದ್ದೆ. ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮ ಚುಕ್ಕೆ ಜಿಂಕೆ, ಕಡವೆ, ಕೃಷ್ಣಮೃಗ ಎಲ್ಲಕ್ಕೂ ರಕ್ಷಣೆ ಇದೆ. ಹಿಡಿಯೋದೂ ಬೇಟೆಯ ಲೆಕ್ಕವೇ. ಕಾಯ್ದೆ ಮೀರಿ ಬೇಲಿಯೊಳಗೆ ಸಾಕಿದರೆ, ಅಲ್ಲೇ ಹುಟ್ಟಿದ ಮರಿಯೂ ಸರ್ಕಾರದ ಆಸ್ತಿ. ಯಾರಾದರೂ "ಪರ್ಮಿಷನ್ ಮಾಡಿಸಿಕೊಡ್ತೀನಿ, ಅಡ್ವಾನ್ಸ್ ಕೊಡಿ" ಅಂದರೆ ಒಂದು ರೂಪಾಯಿಯೂ ಕೊಡಬೇಡಿ.

ಹಾಗಾಗಿ ಯಾವ ಜಾತಿ ಅನ್ನೋ ಪ್ರಶ್ನೆಯೇ ಇಲ್ಲಿ ಹುಟ್ಟುವುದಿಲ್ಲ. ನಮ್ಮಲ್ಲಿ ಇದು ಉದ್ಯಮವೇ ಅಲ್ಲ.

ನ್ಯೂಜಿಲೆಂಡ್ ಕಥೆ ಬೇರೆ. ಅಲ್ಲಿ ಜಿಂಕೆ ಹೊರಗಿನಿಂದ ತಂದ ಪ್ರಾಣಿ. ಕಾಡಿನಲ್ಲಿ ಮಿತಿಮೀರಿ ಹೆಚ್ಚಿ ತೊಂದರೆಯಾಗಿತ್ತು. 1969ರಲ್ಲಿ ಸಾಕಣೆಗೆ ಕಾನೂನು ಬಂತು, ಕಾಡಿನಿಂದಲೇ ಹೆಲಿಕಾಪ್ಟರ್‌ನಲ್ಲಿ ಹಿಡಿದು ತಂದರು. ಅಷ್ಟಿದ್ದೂ 2000ದ ದಶಕದ ನಡುವೆ 17 ಲಕ್ಷದಷ್ಟಿದ್ದ ಜಿಂಕೆಗಳು ಈಗ ಅದರ ಅರ್ಧಕ್ಕಿಂತ ಕಡಿಮೆ. ಎಷ್ಟೋ ಜಮೀನು ಹಾಲಿನ ಹಸುಗಳಿಗೆ ಹೋಯಿತು. ಪರದೇಶದ ಒಂದೆರಡು ಮಾರುಕಟ್ಟೆಯನ್ನೇ ನಂಬಿದ ವ್ಯಾಪಾರ, ಆ ಮಾರುಕಟ್ಟೆಯಲ್ಲಿ ಬೆಲೆ ಬಿದ್ದರೆ ನ್ಯೂಜಿಲೆಂಡಿನ ರೈತ ಬೀಳುತ್ತಾನೆ. ಅಮೆರಿಕದಲ್ಲಂತೂ ಜಿಂಕೆಗಳ ಮೆದುಳು ತಿನ್ನುವ ಒಂದು ರೋಗ ಇದೆ. ಔಷಧಿಯೂ ಇಲ್ಲ, ಲಸಿಕೆಯೂ ಇಲ್ಲ. ಫಾರಂಗೆ ಬಂದರೆ ಎಷ್ಟೋ ಸಲ ಹಿಂಡನ್ನೇ ಕೊಲ್ಲಿಸಬೇಕಾಗುತ್ತದೆ.

ನಿಮ್ಮ ಜಾಗದಲ್ಲಿ ಬನ್ನೂರು ಕುರಿ ಸಾಕಿ. ಹತ್ತು ಹೆಣ್ಣು, ಒಂದು ಟಗರು, ಅಷ್ಟರಿಂದ ಶುರು ಮಾಡಿ. ಎಲ್ಲಿಂದ ತರೋದು ಅಂತ ಕೇಳಿದರೆ ನಾನೇ ಜೊತೆಗೆ ಬಂದು ಕೊಡಿಸುತ್ತೇನೆ. ನನ್ನ ಏಳಡಿ ಬೇಲಿಯೊಳಗೆ ಈಗ ಅವೇ ಇವೆ. ಸಂಜೆ ಗೇಟಿನ ಸದ್ದಾದರೆ ಓಡಿ ಬರುತ್ತವೆ.